ಮೊದಲು ಸರಾಸರಿಯೋ, ಮೊದಲು ಎಂಟ್ರೊಪಿಯೋ?

ಮುಚ್ಚಿದ ವಿಶ್ವ ಅಂದರೆ ಎಲ್ಲೂ ಗಡಿಯಿಲ್ಲದೆ ತನ್ನೊಳಗೇ ಮುಚ್ಚಿಕೊಂಡ ವಿಶ್ವ. ಹೊರಗಿನ ಒಂದು ವ್ಯವಸ್ಥೆ ಅಂಥ ವಿಶ್ವದ ಜತೆ ಕ್ವಾಂಟಮ್ ರೀತಿಯಲ್ಲಿ ಎಷ್ಟೇ ಹೆಣೆದುಕೊಂಡಿದ್ದರೂ ಅದರ ಎಂಟ್ರೊಪಿ (ಆ ಹೆಣಿಗೆಯ ಅಳತೆ) ಸೊನ್ನೆ ಎಂದು ಓದಿದಾಗ ನಂಬಲು ಆಗಲಿಲ್ಲ. ಗುರುತ್ವವಿರುವಾಗ ಎಂಟ್ರೊಪಿ ಲೆಕ್ಕ ಹಾಕುವ 2019ರ ‘ಐಲ್ಯಾಂಡ್’ ಸೂತ್ರ ಹಾಗೆಯೇ ಹೇಳುತ್ತದೆ. ಗುರುತ್ವವಿರುವ ವಿಶ್ವದ ಒಂದು ಭಾಗವನ್ನು ಹೊರಗಿನ ವ್ಯವಸ್ಥೆಯ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು. ಸೇರಿಸಿದರೆ ಆ ಭಾಗದ ಅಂಚಿನ ವಿಸ್ತೀರ್ಣಕ್ಕೆ ತಕ್ಕ ದಂಡ ಕಟ್ಟಬೇಕು. ಎಲ್ಲಕ್ಕಿಂತ ಕಡಿಮೆ ಬಂದದ್ದೇ ಉತ್ತರ. ಮುಚ್ಚಿದ ವಿಶ್ವಕ್ಕೆ ಅಂಚೇ ಇಲ್ಲ, ಅಲ್ವಾ? ಇಡೀ ವಿಶ್ವವನ್ನೇ ಸೇರಿಸಿದರೂ ದಂಡವಿಲ್ಲ. ಆಗ ಹೆಣೆದುಕೊಂಡ ಎರಡೂ ಕಡೆ ಲೆಕ್ಕದೊಳಗೇ ಇರುವುದರಿಂದ ಉತ್ತರ ಸೊನ್ನೆ.

ಸೂತ್ರ ಒಪ್ಪಿದರೂ ಮನಸ್ಸು ಒಪ್ಪಲಿಲ್ಲ. ಅದಕ್ಕೇ ಒಂದು ಸಣ್ಣ ಕೋಡ್ ಬರೆದೆ. ಹೊರಗಿನ ವ್ಯವಸ್ಥೆಗೆ 8 ಸ್ಥಿತಿಗಳು. ಒಂದೊಂದಕ್ಕೂ ವಿಶ್ವದೊಳಗೆ ಒಂದು ಜೋಡಿ: d ಆಯಾಮದ (d ಅಂದರೆ ಒಳಗೆ ಹಿಡಿಸುವ ಬೇರೆ ಬೇರೆ ಸ್ಥಿತಿಗಳ ಸಂಖ್ಯೆ) ಒಂದು ರ‍್ಯಾಂಡಮ್ ವೆಕ್ಟರ್. ಆ ವೆಕ್ಟರ್‌ಗಳ ಇನ್ನರ್ ಪ್ರಾಡಕ್ಟ್‌ಗಳನ್ನು 8×8 ಮ್ಯಾಟ್ರಿಕ್ಸ್‌ನಲ್ಲಿ ಜೋಡಿಸಿ, ಟ್ರೇಸ್ (ಕರ್ಣದ ಸಂಖ್ಯೆಗಳ ಮೊತ್ತ) 1 ಆಗುವಂತೆ ಮಾಡಿ, ಐಗನ್ ಮೌಲ್ಯಗಳಿಂದ ಎಂಟ್ರೊಪಿ ತೆಗೆಯುವುದು.

d ಎಷ್ಟೇ ಕೊಟ್ಟರೂ 2.08 ಬರುತ್ತಿತ್ತು, ಅಂದರೆ 8ರ ನ್ಯಾಚುರಲ್ ಲಾಗರಿದಮ್, 8 ಸ್ಥಿತಿಗಳಿಗೆ ಬರಬಹುದಾದ ಗರಿಷ್ಠ ಎಂಟ್ರೊಪಿ. d = 1 ಇಟ್ಟರೂ ಅದೇ! ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ತಪ್ಪು ಸಿಕ್ಕಿತು. ಸಾವಿರ ಸಲ ಓಡಿಸಿ, ಮೊದಲು ಮ್ಯಾಟ್ರಿಕ್ಸ್‌ಗಳ ಸರಾಸರಿ ತೆಗೆದು, ಆಮೇಲೆ ಎಂಟ್ರೊಪಿ ಲೆಕ್ಕ ಹಾಕುತ್ತಿದ್ದೆ. ಕರ್ಣದ ಆಚೀಚೆಯ ಸಂಖ್ಯೆಗಳಲ್ಲಿ ಪ್ಲಸ್ಸು ಮೈನಸ್ಸು ಹೊಡೆದುಹೋಗಿ ಸೊನ್ನೆಯಾಗುತ್ತಿದ್ದವು. ಅವುಗಳ ವರ್ಗ ಮಾತ್ರ ಸರಾಸರಿಯಲ್ಲಿ ಸೊನ್ನೆಯಾಗುವುದಿಲ್ಲ.

ಸರಾಸರಿ ತೆಗೆಯುವ ಸಾಲನ್ನು ಕೋಡ್‌ನಲ್ಲಿ ಕೆಳಗೆ ತಂದೆ: ಪ್ರತಿ ಸಲ ಎಂಟ್ರೊಪಿ ತೆಗೆದು, ಆಮೇಲೆ ಸರಾಸರಿ. d = 64ಕ್ಕೆ 2.02. d = 4ಕ್ಕೆ 1.15. ಇಂಥ ಸರಾಸರಿ ಎಂಟ್ರೊಪಿಗೆ ಭೌತವಿಜ್ಞಾನಿ ಡಾನ್ ಪೇಜ್ 1993ರಲ್ಲಿ ಕೊಟ್ಟ ಸೂತ್ರಕ್ಕೆ ಸರಿಯಾಗಿ ಕೂತವು. d = 1ಕ್ಕೆ 0. ಒಂದು ಐಗನ್ ಮೌಲ್ಯ 1, ಉಳಿದ ಏಳೂ ಸೊನ್ನೆ. ಎಂಟೂ ಜೋಡಿಗಳು ನಿಜವಾಗಿ ಒಂದೇ ಸ್ಥಿತಿ.

ಎಂಟ್ರೊಪಿಯ ಲೆಕ್ಕಕ್ಕೆ ಒಂದೇ ವ್ಯವಸ್ಥೆಯ ಹಲವು ಪ್ರತಿಗಳನ್ನು ಇಟ್ಟುಕೊಂಡಾಗ ಆ ಪ್ರತಿಗಳನ್ನು ಬೆಸೆಯುವ ಆಕಾರಗಳಿಗೆ ರೆಪ್ಲಿಕಾ ವರ್ಮ್‌ಹೋಲ್ ಎನ್ನುತ್ತಾರೆ. ನನಗೆ ಅವು ನಿಜವಾಗಿ ಅರ್ಥವಾದದ್ದು ಅಲ್ಲೇ. ಮ್ಯಾಟ್ರಿಕ್ಸ್‌ಗಳ ಸರಾಸರಿ ತೆಗೆದರೆ ಕಾಣದೆ ಹೋಗುವ ಆ ವರ್ಗಗಳನ್ನು ಗುರುತ್ವದ ಲೆಕ್ಕದಲ್ಲಿ ಹಿಡಿದುಕೊಡುವುದು ಅವೇ. ಮುಚ್ಚಿದ ವಿಶ್ವದಲ್ಲಿ ಆ ವರ್ಮ್‌ಹೋಲ್‌ಗಳನ್ನೆಲ್ಲ ಕೂಡಿಸಿದರೆ d = 1 ಎಂದೇ ಬರುತ್ತದೆ.

ಆದರೆ ಒಂದೇ ಸ್ಥಿತಿಯ ವಿಶ್ವದಲ್ಲಿ ನಕ್ಷತ್ರ, ಗ್ರಹ, ನೋಡುವವರು ಎಲ್ಲಿ ಹಿಡಿಸುತ್ತಾರೆ? ಇದು ನನ್ನನ್ನು ಈಗಲೂ ಕಾಡುತ್ತದೆ. 2025ರಲ್ಲಿ ಭೌತವಿಜ್ಞಾನಿಗಳಾದ ಹಾರ್ಲೋ, ಉಸಾಟ್ಯುಕ್, ಝಾವೋ ಒಂದು ದಾರಿ ತೋರಿಸಿದರು: ನೋಡುವವರನ್ನು ಕ್ಲಾಸಿಕಲ್ (ಕ್ವಾಂಟಮ್ ಅಲ್ಲದವರು) ಎಂದು ಹಿಡಿದು ಲೆಕ್ಕದ ನಿಯಮವನ್ನೇ ಸ್ವಲ್ಪ ಬದಲಿಸುವುದು. ನೋಡುವವರ ಎಂಟ್ರೊಪಿ ಜಾಸ್ತಿ ಇದ್ದಷ್ಟೂ ಒಳಗಿನ ಭೌತವಿಜ್ಞಾನ ನಾವು ಬಲ್ಲ ರೂಪಕ್ಕೆ ಹತ್ತಿರವಾಗುತ್ತದೆ. ಅದೇ ಕೋಡ್‌ಗೆ ಈಗ ಆ ನೋಡುವವರನ್ನು ಸೇರಿಸುತ್ತಿದ್ದೇನೆ.