ಕಂಬದ ನಂಬರ್ ಬರೆದುಕೊಂಡ ಮೇಲೆ

ನಮ್ಮ ವಾರ್ಡ್ ಸಮಿತಿಗೆ ನಾನು ಸೇರಿದ್ದೇ ಒಂದು ಹಟಕ್ಕೆ. ನಮ್ಮ ಬೀದಿಗೆ ಸಿಸಿಟಿವಿ ಹಾಕಿಸಬೇಕು, ಅಷ್ಟೇ. ನನ್ನದು ಟೈಲರಿಂಗ್ ಅಂಗಡಿ. ಬ್ಲೌಸಿಗೆ ಅಳತೆ ಕೊಡುವಾಗ ಹೆಂಗಸರು ಹೇಳದ ವಿಷಯ ಇಲ್ಲ. ಯಾರ ಸರ ಹೋಯಿತು, ಯಾರ ಮಗಳು ಟ್ಯೂಷನ್ ಬಿಟ್ಟಳು, ಮೋರಿ ಕಟ್ಟೆ ಮೇಲೆ ಯಾವ ಹುಡುಗರು ಕೂರುತ್ತಾರೆ, ಎಲ್ಲ ನನ್ನ ಕಿವಿಗೆ ಬೀಳುತ್ತದೆ.

ವಾರ್ಡ್ ಸಮಿತಿ ಅಂದರೆ ಪಕ್ಷದವರ ಗುಂಪು ಅಂತಲೇ ತಿಳಿದಿದ್ದೆ. ಹಾಗಲ್ಲ. ಮೂರು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಊರುಗಳಲ್ಲಿ ಇಂಥ ಸಮಿತಿ ಇರಬೇಕು ಅಂತ 1992ರ 74ನೇ ತಿದ್ದುಪಡಿಯಿಂದ ಸಂವಿಧಾನದಲ್ಲೇ ಬಂದಿದೆ. ನಮ್ಮ ರಾಜ್ಯದ ಪಾಲಿಕೆ ಕಾಯ್ದೆಯಲ್ಲಿ ಹತ್ತು ಜನ ಸದಸ್ಯರು, ಅವರಲ್ಲಿ ಕನಿಷ್ಠ ಮೂವರು ಹೆಂಗಸರು. ಅಧ್ಯಕ್ಷರು ಕಾರ್ಪೊರೇಟರ್. ಆ ಮೂರು ಕುರ್ಚಿಯಲ್ಲಿ ಒಂದು ನನಗೆ ಸಿಕ್ಕಿತು.

ಮೊದಲ ಸಭೆಯಲ್ಲೇ ಕ್ಯಾಮೆರಾ ಕೇಳಿದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಮೆಲ್ಲಗೆ ಕೇಳಿದರು, "ನಿಮ್ಮ ಬೀದಿಯಲ್ಲಿ ದೀಪವೇ ಇಲ್ಲವಲ್ಲಮ್ಮ, ಕತ್ತಲಲ್ಲಿ ಕ್ಯಾಮೆರಾಕ್ಕೆ ಏನು ಕಾಣುತ್ತೆ?" ಎಲ್ಲರೂ ನಕ್ಕರು. ನನಗೆ ಸಿಟ್ಟೇ ಬಂತು. ಆದರೆ ಮಾತು ನಿಜ ತಾನೇ?

ಮುಂದಿನ ವಾರ ನಾವು ಮೂವರು ಹೆಂಗಸರು ಸಂಜೆ ಆರೂಕಾಲಿಗೆ ನೋಟ್‌ಬುಕ್ ಹಿಡಿದು ಹೊರಟೆವು. ಹುಡುಗಿಯರು ಟ್ಯೂಷನ್ ಮುಗಿಸಿ ಬರುವ ಹೊತ್ತು ಅದು. ಪ್ರತಿ ಕಂಬದ ನಂಬರ್ ಬರೆದುಕೊಂಡೆವು. ಎರಡು ಸಂಜೆ ತಿರುಗಿದಾಗ ಹದಿನೇಳು ಕಂಬ ಕತ್ತಲಾಗಿದ್ದವು. ಎಲ್ಲ ಬಲ್ಬೂ ಸುಟ್ಟಿರಬೇಕು ಅಂದುಕೊಂಡಿದ್ದೆ. ಸುಟ್ಟಿದ್ದು ನಾಲ್ಕೇ. ಐದು ಕಡೆ ದೀಪ ಚೆನ್ನಾಗಿಯೇ ಉರಿಯುತ್ತಿತ್ತು, ಹೊಂಗೆ ಕೊಂಬೆಯೊಳಗೆ. ಬೆಳಕೆಲ್ಲ ಹಕ್ಕಿಗಳಿಗೆ! ಉಳಿದ ಎಂಟು ಒಂದೇ ಸಾಲಿನಲ್ಲಿದ್ದವು. ಬೇಸಿಗೆಯಲ್ಲಿ ಹೊಂದಿಸಿದ ಟೈಮರನ್ನು ಯಾರೂ ಬದಲಿಸಿರಲಿಲ್ಲ. ಡಿಸೆಂಬರಿನಲ್ಲಿ ಆರು ಗಂಟೆಗೇ ಸೂರ್ಯ ಮುಳುಗಿದರೂ ದೀಪ ಹತ್ತುತ್ತಿದ್ದುದು ಏಳಕ್ಕೆ. ಆ ಒಂದು ಗಂಟೆ ತಪ್ಪಿಸಲು ಹುಡುಗಿಯರು ಮುಖ್ಯರಸ್ತೆ ಸುತ್ತಿ ಬರುತ್ತಿದ್ದರು. ಇಬ್ಬರು ಟ್ಯೂಷನ್ನೇ ಬಿಟ್ಟಿದ್ದರು.

ಟೈಮರ್ ತಿರುಗಿಸಲು ಒಂದು ಪೈಸೆ ಖರ್ಚಿಲ್ಲ. ಲೈನ್‌ಮ್ಯಾನ್ ಬಂದು ಹತ್ತು ನಿಮಿಷದಲ್ಲಿ ಮುಗಿಸಿದರು. ಅದು ನಾವು ಕಂಬದ ನಂಬರ್ ಸಮೇತ ಬರೆದುಕೊಟ್ಟಿದ್ದಕ್ಕೆ. "ನಮ್ಮ ಏರಿಯಾದಲ್ಲಿ ಲೈಟಿಲ್ಲ" ಅಂತ ಬಾಯಲ್ಲಿ ಹೇಳಿದ್ದರೆ ಇನ್ನೂ ಹೇಳುತ್ತಲೇ ಇರುತ್ತಿದ್ದೆವು. ಕೊಂಬೆ ಕತ್ತರಿಸಲು ಮಾತ್ರ ಎರಡು ತಿಂಗಳು ಹಿಡಿಯಿತು. ಮರದವರು ದೀಪದವರ ಕೆಲಸ ಅಂದರು, ದೀಪದವರು ಮರದವರ ಕೆಲಸ ಅಂದರು.

ಈಗ ಮೋರಿ ಕಟ್ಟೆಯ ಹುಡುಗರ ವಿಷಯ. ಇದರಲ್ಲಿ ನನ್ನದೇ ತಪ್ಪಿದೆ.

ಸಮಿತಿಗೆ ಸೇರುವ ಮುಂಚೆ ಒಂದು ರಾತ್ರಿ 112ಕ್ಕೆ ಫೋನ್ ಮಾಡಿದ್ದೆ. ಆ ಹುಡುಗರು ಮಾಡುತ್ತಿದ್ದುದಿಷ್ಟೇ: ಸಿಗರೇಟ್ ಸೇದುತ್ತಾ ಜೋರಾಗಿ ನಗುತ್ತಿದ್ದರು. ಪೊಲೀಸರು ಬಂದು ಇಬ್ಬರನ್ನು ಠಾಣೆಗೆ ಕರೆದೊಯ್ದು ಮಧ್ಯರಾತ್ರಿವರೆಗೂ ಕೂರಿಸಿದರು. ಒಬ್ಬನಿಗೆ ಹದಿನಾರು ವರ್ಷ. ಮರುದಿನ ಅವನ ತಾಯಿ ಅಂಗಡಿಗೆ ಬಂದರು. ಜಗಳ ಆಡಲಿಲ್ಲ. ಹೊಲಿಯಲು ಕೊಟ್ಟಿದ್ದ ಬ್ಲೌಸ್ ಪೀಸ್ ವಾಪಸ್ ಕೇಳಿದರು. ನಾನು ಆಗಲೇ ಕತ್ತರಿಸಿಬಿಟ್ಟಿದ್ದೆ. ಆ ತುಂಡುಗಳನ್ನೇ ಮಡಚಿ ಚೀಲಕ್ಕೆ ಹಾಕಿಕೊಂಡು ಹೋದರು.

ಆಮೇಲೆ ನನ್ನ ಗಿರಾಕಿ ವಕೀಲರೊಬ್ಬರು ಬಿಡಿಸಿ ಹೇಳಿದರು. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ 18 ತುಂಬದವರನ್ನು ಲಾಕಪ್ಪಿಗೆ ಹಾಕುವಂತಿಲ್ಲ. ಘೋರ ಅಪರಾಧದಂಥದ್ದಲ್ಲದಿದ್ದರೆ ಸಾಮಾನ್ಯವಾಗಿ ಎಫ್‌ಐಆರ್ ಕೂಡ ಇಲ್ಲ. ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಅಂತ ಒಬ್ಬರು ಇರಬೇಕು, ಮಕ್ಕಳ ವಿಷಯ ಅವರೇ ನೋಡಬೇಕು. ಈಗ ನಮ್ಮ ಠಾಣೆಯಲ್ಲಿ ಅವರು ಯಾರು ಅಂತ ಗೊತ್ತು, ಅವರ ನಂಬರ್ ನನ್ನ ಹತ್ತಿರ ಇದೆ. ಆವತ್ತು ಗೊತ್ತಿರಲಿಲ್ಲ.

ದೀಪದ ಕೆಲಸ ಮುಗಿದ ಮೇಲೆ ಒಂದು ದಿನ ಧೈರ್ಯ ಮಾಡಿ ಕಟ್ಟೆ ಹತ್ತಿರ ಹೋದೆ. "ಇಲ್ಲೇ ಯಾಕ್ರೋ ಕೂರ್ತೀರಾ?" ಅಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ, "ಗ್ರೌಂಡಿಗೆ ಆರಕ್ಕೆ ಬೀಗ ಹಾಕ್ತಾರೆ ಆಂಟಿ. ಮನೇಲಿ ಇರೋದು ಒಂದೇ ರೂಮು. ಇನ್ನೆಲ್ಲಿ ಕೂರೋಣ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಪಾಲಿಕೆ ಮೈದಾನದ ಬೀಗ ಕಾವಲುಗಾರರ ಡ್ಯೂಟಿ ಟೈಮಿಗೆ ತಕ್ಕಂತೆ ಇತ್ತು, ಮಕ್ಕಳ ಟೈಮಿಗಲ್ಲ. ರಾತ್ರಿ ಎಂಟೂವರೆವರೆಗೆ ತೆರೆದಿಡಬೇಕು, ಎರಡು ಕಡೆ ದೊಡ್ಡ ದೀಪ ಹಾಕಬೇಕು ಅಂತ ಸಮಿತಿಯಲ್ಲಿ ಕೇಳಿ ನಡಾವಳಿಯಲ್ಲಿ, ಅಂದರೆ ಸಭೆಯ ದಾಖಲೆಯಲ್ಲಿ, ಬರೆಸಿದೆ. ಬರೆಸುವುದು ಮುಖ್ಯ. ಸಭೆಯಲ್ಲಿ "ಆಯ್ತಮ್ಮ, ನೋಡೋಣ" ಅಂದದ್ದು ಮುಂದಿನ ಸಭೆಗೆ ಯಾರಿಗೂ ನೆನಪಿರಲ್ಲ. ನಡಾವಳಿಯಲ್ಲಿದ್ದರೆ ವಲಯ ಕಚೇರಿಯವರು ಏನಾದರೂ ಒಂದು ಉತ್ತರ ಕೊಡಲೇಬೇಕು. ಬೀಗ ಒಂದೇ ವಾರದಲ್ಲಿ ತೆಗೆಯಿತು. ಸಂಜೆ ಕೀ ಹಾಲಿನ ಬೂತಿನವರ ಹತ್ತಿರ ಇರುತ್ತದೆ. ದೀಪ ಮುಂದಿನ ವರ್ಷದ ಕ್ರಿಯಾ ಯೋಜನೆಗೆ ಸೇರಿ, ಎಸ್ಟಿಮೇಟ್ ಆಗಿ, ಟೆಂಡರ್ ಆಗಿ ಬರಲು ಹತ್ತಿರ ಹತ್ತಿರ ಒಂದು ವರ್ಷ ಆಯಿತು. ಅಲ್ಲಿವರೆಗೆ ಹುಡುಗರು ಬೈಕಿನ ಹೆಡ್‌ಲೈಟಿನಲ್ಲೇ ವಾಲಿಬಾಲ್ ಆಡಿದರು.

ಸಿಗರೇಟಿನದು ಬೇರೆ ಕಥೆ. ಶಾಲೆಯಿಂದ 100 ಗಜದೊಳಗೆ ಮಾರುವಂತಿಲ್ಲ ಅಂತ 2003ರಿಂದಲೂ ಕಾನೂನಿದೆ. ಆರೋಗ್ಯ ನಿರೀಕ್ಷಕರು ಎರಡು ಅಂಗಡಿಗೆ ಹೋಗಿ, ಉದ್ದಿಮೆ ಪರವಾನಗಿ ಎಲ್ಲಿ ಅಂತ ಕೇಳಿ, ದಂಡ ಹಾಕಿ ಬಂದರು. ಒಂದು ಅಂಗಡಿ ನಿಲ್ಲಿಸಿತು. ಇನ್ನೊಂದು ಡಬ್ಬಿಯನ್ನು ಕೌಂಟರ್ ಕೆಳಗಿಟ್ಟಿದೆ.

ನಾನು ಯೋಚಿಸದೇ ಇದ್ದದ್ದು ಹುಡುಗಿಯರ ಬಗ್ಗೆ. ಮೈದಾನ ತೆರೆದ ಮೇಲೆ ಪೂರ್ತಿ ಹುಡುಗರದ್ದೇ ಆಯಿತು. ಬಟ್ಟೆ ಹೊಲಿಸಲು ಬಂದ ಒಂಬತ್ತನೇ ಕ್ಲಾಸಿನ ಹುಡುಗಿ ಕೇಳಿದಳು, "ನಾವು ಥ್ರೋಬಾಲ್ ಎಲ್ಲಿ ಆಡೋದು ಆಂಟಿ?" ಐದರಿಂದ ಆರೂವರೆ ಹುಡುಗಿಯರಿಗೆ ಅಂತ ಗೇಟಿಗೆ ಬೋರ್ಡ್ ಹಾಕಿಸಿದೆವು. ಮೊದಲ ವಾರ ಬಂದವರು ನಾಲ್ಕೇ ಜನ. ಅವರ ಅಮ್ಮಂದಿರು ಅವರೆಕಾಯಿ ಹಿಡಿದು ಬಂದು ಮೆಟ್ಟಿಲ ಮೇಲೆ ಕೂತು ಸುಲಿದರು. ಅವರು ಕೂತ ಮೇಲೆ ಬರುವವರು ಜಾಸ್ತಿಯಾದರು. ಹುಡುಗರು ಆರಕ್ಕೇ ಬಂದು ಗೇಟಿನ ಹತ್ತಿರ ಗೊಣಗುತ್ತಾ ನಿಲ್ಲುತ್ತಾರೆ. ನಿಂತಿರಲಿ.

ಕ್ಯಾಮೆರಾ ಇನ್ನೂ ಬಂದಿಲ್ಲ, ನಾನೂ ಮತ್ತೆ ಕೇಳಿಲ್ಲ. ಈಗ ನಾನು ಹಿಂದೆ ಬಿದ್ದಿರುವುದು ವಾಚನಾಲಯದ ವಿಷಯಕ್ಕೆ. ಆಸ್ತಿ ತೆರಿಗೆ ಜೊತೆ ನಮ್ಮಿಂದ ಶೇ 6ರಷ್ಟು ಗ್ರಂಥಾಲಯ ಕರ ವಸೂಲಿ ಮಾಡುತ್ತಾರೆ, ರಸೀದಿಯಲ್ಲೇ ಇರುತ್ತದೆ, ನೋಡಿ. ಆ ಒಂದೇ ರೂಮಿನ ಮನೆಯ ಹುಡುಗ ಈ ವರ್ಷ ಪಿಯು ಪರೀಕ್ಷೆಗೆ ಓದುತ್ತಿದ್ದಾನೆ, ಮೈದಾನದ ದೀಪದ ಕೆಳಗೆ. ಎಂಟೂವರೆಗೆ ಅದೂ ಆರುತ್ತದೆ. ಮುಂದಿನ ಸಭೆಗೆ ಹತ್ತು ಮನೆಯ ರಸೀದಿ ಜೆರಾಕ್ಸ್ ಮಾಡಿಸಿ ಇಟ್ಟುಕೊಂಡಿದ್ದೇನೆ.