ಹಲಗೆ ಕಟ್ಟಿ ಗಾಳ ಎಳೆದೆ: ಕನ್ನಂಬಾಡಿ ಹಿನ್ನೀರಿನಲ್ಲಿ ನನ್ನ ಅನುಭವ

ಮೀನಾಕ್ಷಿಪುರದ ಕಡೆ ಕನ್ನಂಬಾಡಿ ಹಿನ್ನೀರಿನ ಅಂಚು ಎಷ್ಟೋ ಕಡೆ ಎದೆಮಟ್ಟಕ್ಕಿಂತ ಆಳ ಇಲ್ಲ. ಬೆಳಿಗ್ಗೆ ಬಾಳೆ ಮೀನು ಸಣ್ಣ ಮೀನುಗಳನ್ನು ಅಟ್ಟಿಕೊಂಡು ಬರುವುದು ಇಲ್ಲಿಗೇ. ಎರಡು ವರ್ಷ ನಾನು ಈ ಅಂಚಿನ ಉದ್ದಕ್ಕೂ ದೋಣಿಯ ಹಿಂದೆ ನೇರವಾಗಿ ಗಾಳ ಎಳೆದೆ. ಸಿಕ್ಕಿದ್ದು ಬಹಳ ಕಡಿಮೆ. ಕಾರಣ ತಡವಾಗಿ ಹೊಳೆಯಿತು. ಇಷ್ಟು ತೆಳು ನೀರಿನಲ್ಲಿ ಹುಟ್ಟಿನ ಸದ್ದಿಗೆ, ದೋಣಿಯ ನೆರಳಿಗೆ ಮೀನು ಮೊದಲೇ ಪಕ್ಕಕ್ಕೆ ಸರಿಯುತ್ತದೆ. ನಮ್ಮ ಗಾಳ ಅದೇ ದಾರಿಯಲ್ಲಿ ಹಿಂದೆ ಬರುತ್ತದೆ, ಅಲ್ವಾ? ಅಲ್ಲಿ ಮೀನೇ ಇರುವುದಿಲ್ಲ.

ಅಮೆರಿಕದ ದೊಡ್ಡ ಸರೋವರಗಳಲ್ಲಿ ಇದಕ್ಕೆ ಪ್ಲೇನರ್ ಬೋರ್ಡ್ ಬಳಸುತ್ತಾರೆ. ಗಾಳದ ದಾರಕ್ಕೆ ಕಚ್ಚುವ ಒಂದು ತೇಲುವ ಹಲಗೆ. ದೋಣಿ ಮುಂದೆ ಹೋದಂತೆ ಅದು ಪಕ್ಕಕ್ಕೆ ಸರಿದು, ದೋಣಿಯಿಂದ ದೂರದಲ್ಲಿ ಸಮಾನಾಂತರವಾಗಿ ಓಡುತ್ತದೆ. ಗಾಳ ಆ ಹಲಗೆಯ ಹಿಂದೆ. ಆಷಾಢದಲ್ಲಿ ಗಾಳಿಪಟ ಹಾರಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಟ ಮೇಲಕ್ಕೆ ಏರುತ್ತದೆ, ಹಲಗೆ ಪಕ್ಕಕ್ಕೆ ಸರಿಯುತ್ತದೆ. ಗಾಳಿಯ ಬದಲು ನೀರು, ಅಷ್ಟೇ. ಪಟದಲ್ಲಿ ಹೇಗೋ ಹಾಗೆ ಇಲ್ಲೂ ಎಲ್ಲ ನಿಂತಿರುವುದು ಸೂತ್ರದ ಮೇಲೆ, ಅಂದರೆ ದಾರ ಕಟ್ಟುವ ಜಾಗದ ಮೇಲೆ.

ನಾನು ಬೂರುಗದ ಹಲಗೆಯಲ್ಲಿ ಮಾಡಿದೆ. ಹಗುರ ಮರ, ಚೆನ್ನಾಗಿ ತೇಲುತ್ತದೆ. ಉದ್ದ 30 ಸೆಂ.ಮೀ., ಎತ್ತರ 10, ದಪ್ಪ 2. ಮೂತಿಯನ್ನು 45 ಡಿಗ್ರಿ ಓರೆಯಾಗಿ ಕೊಯ್ದೆ. ನೆಟ್ಟಗೆ ನಿಲ್ಲಲಿ ಅಂತ ಕೆಳ ಅಂಚಿಗೆ ಸೀಸದ ಪಟ್ಟಿ ಹೊಡೆದೆ. ಮೂರು ಸಲ ವಾರ್ನಿಷ್, ಮೇಲೆ ಕಿತ್ತಳೆ ಬಣ್ಣ. ದಾರ ಹಿಡಿಯಲು ರಬ್ಬರ್ ಅಂಟಿಸಿದ ಬಟ್ಟೆ ಕ್ಲಿಪ್ ಮುಂದೆ, ಬಾಲದಲ್ಲಿ ದಾರ ಹಾಯಲು ಒಂದು ಕೊಕ್ಕೆ. ಎರಡೂ ದೋಣಿ ಕಡೆಯ ಮೈಗೆ.

ದೋಣಿಯ ಎರಡು ಕಡೆಗೂ ಒಂದೊಂದು ಹಲಗೆ ಬೇಕು. ಮೊದಲ ಜೋಡಿ ಹಾಳಾಯಿತು. ಎರಡನ್ನೂ ಒಂದೇ ಅಳತೆ ಇಟ್ಟು ಒಂದೇ ಥರ ಕೊಯ್ದಿದ್ದೆ. ನೀರಿಗೆ ಬಿಟ್ಟರೆ ಎರಡೂ ಬಲಕ್ಕೇ ಓಡಿದವು. ಎಡಗಡೆಯದ್ದು ದೋಣಿಯ ಅಡಿಗೆ ನುಗ್ಗಿ ಹುಟ್ಟಿಗೆ ದಾರ ಸುತ್ತಿಕೊಂಡಿತು. ಎಡದ ಹಲಗೆ, ಬಲದ ಹಲಗೆ ಒಂದಕ್ಕೊಂದು ಕನ್ನಡಿಯ ಬಿಂಬದಂತೆ ಇರಬೇಕು. ಮೂತಿಯ ಓರೆ ಯಾವಾಗಲೂ ದೋಣಿಯನ್ನೇ ನೋಡಬೇಕು. ಆಗ ನೀರು ಆ ಓರೆಗೆ ಬಡಿದು ಹಲಗೆಯನ್ನು ಆಚೆಗೆ ತಳ್ಳುತ್ತದೆ.

ಕ್ಲಿಪ್ ಇಡುವ ಜಾಗಕ್ಕೇ ಜಾಸ್ತಿ ದಿನ ಹಿಡಿಯಿತು. ತೀರಾ ಮೂತಿಗೆ ಇಟ್ಟರೆ ಹಲಗೆ ಸುಮ್ನೆ ನೇರವಾಗಿ ಹಿಂದೆ ಬರುತ್ತದೆ. ಹಿಂದಕ್ಕೆ ಸರಿಸಿದಷ್ಟೂ ಅಗಲಕ್ಕೆ ಎಳೆಯುತ್ತದೆ. ಆದರೆ ಮಿತಿ ಮೀರಿದರೆ ಮುಳುಗಿ ಮಗುಚುತ್ತದೆ. ನನ್ನ ಹಲಗೆಗೆ ಮೂತಿಯಿಂದ ಹತ್ತು ಸೆಂ.ಮೀ. ಸರಿಹೋಯಿತು. ನಿಮ್ಮದಕ್ಕೆ ನೀವೇ ನೀರಿನಲ್ಲಿ ನೋಡಿ ಹುಡುಕಬೇಕು.

ಎಳೆಯಲು ತೆಪ್ಪ ಆಗುವುದಿಲ್ಲ. ದುಂಡಗಿರುವುದರಿಂದ ನೇರ ದಾರಿ ಹಿಡಿಯದೆ ತಿರುಗುತ್ತಲೇ ಇರುತ್ತದೆ. ಉದ್ದನೆಯ ಸಣ್ಣ ದೋಣಿ ಬೇಕು. ಗೆಳೆಯ ಹುಟ್ಟು ಹಾಕುತ್ತಾನೆ, ನಾನು ಎರಡು ರಾಡ್ ನೋಡಿಕೊಳ್ಳುತ್ತೇನೆ. ಗಂಟೆಗೆ ಮೂರು ಕಿ.ಮೀ., ಅಂದರೆ ನಿಧಾನದ ನಡಿಗೆ. ಮೊದಲು ಮರಿಮೀನಿನ ಆಕಾರದ ಲೂರ್ (ಗಾಳ ಕಟ್ಟಿದ ನಕಲಿ ಮೀನು) ಅನ್ನು 20 ಮೀಟರ್ ಹಿಂದಕ್ಕೆ ಬಿಡುತ್ತೇನೆ. ಆಮೇಲೆ ದಾರಕ್ಕೆ ಹಲಗೆ ಕಚ್ಚಿಸಿ, ಇನ್ನೂ 15 ಮೀಟರ್ ಬಿಟ್ಟು ಹಲಗೆಯನ್ನು ದಡದ ಕಡೆ ಕಳಿಸುತ್ತೇನೆ. ದೋಣಿ ಆಳದಲ್ಲಿ, ಗಾಳ ಅಂಚಿನಲ್ಲಿ. ಬ್ರೈಡ್, ಅಂದರೆ ಹೆಣೆದ ದಾರ ಕ್ಲಿಪ್ಪಿನಲ್ಲಿ ಜಾರುತ್ತದೆ, ಹಾಗಾಗಿ ಮೊನೊ, ಅಂದರೆ ಒಂದೇ ಎಳೆಯ ದಾರ ಬಳಸುತ್ತೇನೆ. ಬಾಳೆ ಮೀನಿನ ಬಾಯಿ ತುಂಬ ಹಲ್ಲು, ಕೊನೆಗೆ ಒಂದಡಿ ಸ್ಟೀಲ್ ತಂತಿ ಬೇಕೇ ಬೇಕು. ಲೂರಿಗಿಂತ ಒಂದು ಮೀಟರ್ ಮುಂದೆ ಒಂದು ಮಣಿಯನ್ನೂ ಕಟ್ಟಿರುತ್ತೇನೆ. ಯಾಕೆಂದರೆ ಮೀನು ಕಚ್ಚಿದಾಗ ಮುಂದಿನ ಕ್ಲಿಪ್ ಬಿಟ್ಟು, ಹಲಗೆ ಬಾಲದ ಕೊಕ್ಕೆಯಲ್ಲಿ ನೇತಾಡಿಕೊಂಡು ದಾರದಲ್ಲಿ ಹಿಂದಕ್ಕೆ ಜಾರುತ್ತದೆ. ಮಣಿ ಇಲ್ಲದಿದ್ದರೆ ಹೋಗಿ ಮೀನಿಗೇ ಬಡಿಯುತ್ತದೆ.

ಜನವರಿಯ ಒಂದು ಬೆಳಿಗ್ಗೆ, ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಒಂದು ಗದ್ದೆ ಬದುವಿನಂಥ ದಿಬ್ಬದ ಹತ್ತಿರ ದೋಣಿ ಎಡಕ್ಕೆ ತಿರುಗಿತು. ತಿರುವಿನಲ್ಲಿ ಒಳಗಿನ ಹಲಗೆ ನಿಧಾನ ಆಗುತ್ತದೆ, ಹೊರಗಿನದ್ದು ಜೋರಾಗುತ್ತದೆ. ಹೊರಗಿನ ಕಿತ್ತಳೆ ಚುಕ್ಕೆ ಒಮ್ಮೆಲೇ ನಿಂತಿತು. ಮರುಕ್ಷಣ ಹಿಂದಕ್ಕೆ ಎಳೆದುಕೊಂಡು ಹೋಯಿತು. ಗೆಳೆಯ ಹುಟ್ಟು ನಿಲ್ಲಿಸಿದ. ನಾನು ರಾಡ್ ಝಾಡಿಸಲಿಲ್ಲ, ಸುಮ್ಮನೆ ಸುತ್ತಿದೆ. ಮೂರು ಕಿಲೋ ಮೇಲಿದ್ದ ಬಾಳೆ ಮೀನು. ಎರಡು ವರ್ಷ ಆ ಅಂಚಿನಲ್ಲಿ ಅಷ್ಟು ದೊಡ್ಡದು ನನಗೆ ಕಂಡೇ ಇರಲಿಲ್ಲ. ಕೈ ನಡುಗುತ್ತಿತ್ತು. ಅದಾದ ಮೇಲೆ ಬೇಕೆಂದೇ ಹಾವಿನ ಥರ ಅಂಕುಡೊಂಕಾಗಿ ದೋಣಿ ನಡೆಸುತ್ತೇವೆ. ಕಚ್ಚಿದ್ದರಲ್ಲಿ ಹೆಚ್ಚಿನವು ತಿರುವಿನಲ್ಲೇ.

ಇಲ್ಲಿ ಮೀನುಗಾರರು ಸಂಜೆ ಬಲೆ ಬಿಟ್ಟು ಬೆಳಿಗ್ಗೆ ಎತ್ತುತ್ತಾರೆ. ಎರಡು ಕಡೆ ಹಲಗೆ ಬಿಟ್ಟರೆ ನಾವು ಹಿಡಿಯುವ ಅಗಲ ಇಪ್ಪತ್ತು ಮೀಟರಿಗೂ ಜಾಸ್ತಿ. ಒಂದು ಬಲೆಗೆ ಸಿಕ್ಕಿದರೆ ಅವರ ದಿನದ ದುಡಿಮೆ ಹರಿಯುತ್ತದೆ. ಹಾಗಾಗಿ ಅವರು ಬಲೆ ಎತ್ತಿ ಮುಗಿಸಿದ ಮೇಲೇ ಹಲಗೆ ಬಿಡುತ್ತೇವೆ, ಯಾವ ಕಡೆ ಹೋಗುತ್ತೇವೆ ಅಂತ ಹೇಳಿಯೇ ಹೊರಡುತ್ತೇವೆ. ಪರವಾನಗಿ ಜೇಬಿನಲ್ಲಿರುತ್ತದೆ. ಅಣೆಕಟ್ಟೆಯ ಹತ್ತಿರ ಸುಳಿಯುವುದಿಲ್ಲ. ಬಿಳಿ ಮೀನು (ಮಹಶೀರ್) ಸಿಕ್ಕರೆ ನೀರಿನಲ್ಲೇ ಗಾಳ ಬಿಡಿಸಿ ಕಳಿಸುತ್ತೇವೆ. ಕಾವೇರಿಯಲ್ಲಿ ಅದು ಉಳಿದಿರುವುದೇ ಸ್ವಲ್ಪ.

ಹತ್ತು ಗಂಟೆಗೆ ಗಾಳಿ ಎದ್ದು ಅಲೆ ಶುರುವಾದರೆ ಹಲಗೆ ಕುಣಿಯುತ್ತದೆ, ಕ್ಲಿಪ್ ಸುಮ್ಮಸುಮ್ಮನೆ ಬಿಟ್ಟುಕೊಳ್ಳುತ್ತದೆ. ಆಗ ದಾರ ಸುತ್ತಿ ದಡಕ್ಕೆ ಬರುತ್ತೇವೆ. ಈಗ ಇನ್ನೊಂದು ಜೋಡಿ ಕೊಯ್ದಿಟ್ಟಿದ್ದೇನೆ, ಎತ್ತರ ಎರಡು ಸೆಂ.ಮೀ. ಜಾಸ್ತಿ, ಸೀಸವೂ ಜಾಸ್ತಿ. ವಾರ್ನಿಷ್ ಒಣಗಬೇಕು.