ಟೆಸ್ಟರ್ ಉರಿಯುತ್ತೆ, ಮಿಕ್ಸಿ ತಿರುಗಲ್ಲ

ಭಾನುವಾರ ಬೆಳಿಗ್ಗೆ. ದೋಸೆ ಹೆಂಚು ಕಾದಿತ್ತು. ಚಟ್ನಿಗೆ ಕಾಯಿ ತುರಿದು ಜಾರಿಗೆ ಹಾಕಿದ ಅಮ್ಮ ಮಿಕ್ಸಿ ಹಾಕಿದರೆ ಸದ್ದೇ ಇಲ್ಲ. "ಏನಾಯ್ತೋ ಇದಕ್ಕೆ, ಸ್ವಲ್ಪ ನೋಡು" ಎಂದರು. ಮಿಕ್ಸಿಯನ್ನು ಹಾಲ್‌ಗೆ ತಂದು ಅಲ್ಲಿನ ಪ್ಲಗ್‌ಗೆ ಹಾಕಿದೆ, ತಿರುಗಿತು. ಆವತ್ತಿನ ಚಟ್ನಿ ಸೋಫಾ ಪಕ್ಕದಲ್ಲೇ ಆಯಿತು.

ಅಡುಗೆಮನೆ ಬೋರ್ಡಿನಲ್ಲಿ ಎರಡು ಸಾಕೆಟ್ ಇವೆ, ಎರಡೂ ಸತ್ತಿದ್ದವು. ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್) ಬಿದ್ದಿರಲಿಲ್ಲ. ಅದೇ ಬೋರ್ಡಿನ ಸ್ವಿಚ್ ಒತ್ತಿದರೆ ಲೈಟ್ ಹತ್ತುತ್ತಿತ್ತು. ಸಾಕೆಟ್‌ನ ಬಲಗಡೆ, ಅಂದರೆ ಕರೆಂಟ್ ಬರುವ ಫೇಸ್ ತೂತಿಗೆ ಟೆಸ್ಟರ್ ಹಾಕಿದೆ, ಚೆನ್ನಾಗಿ ಉರಿಯಿತು. ಕರೆಂಟ್ ಬರ್ತಿದೆ, ಸಾಕೆಟ್ಟೇ ಹೋಗಿದೆ ಅಂತ ತೀರ್ಮಾನ ಮಾಡಿಬಿಟ್ಟೆ. ಅಂಗಡಿಗೆ ಹೋಗಿ ಹೊಸ ಸಾಕೆಟ್, ಜೊತೆಗೆ ಸುಮ್ನೆ ಇರಲಿ ಅಂತ ಸ್ವಿಚ್ಚೂ ತಂದು ಹಾಕಿದೆ. ಒಂದು ಗಂಟೆ ಕೆಲಸ. ಮಿಕ್ಸಿ ಮಾತ್ರ ಹಾಗೇ ಇತ್ತು.

ಆಮೇಲೆ ಒಂದು ವಿಚಿತ್ರ ಕಂಡಿತು. ಮಿಕ್ಸಿಯನ್ನು ಒಂದು ಸಾಕೆಟ್‌ಗೆ ಹಾಕಿ ಆನ್ ಮಾಡಿ, ಪಕ್ಕದ ಸಾಕೆಟ್‌ನ ಎಡಗಡೆ ತೂತಿಗೆ ಟೆಸ್ಟರ್ ಇಟ್ಟೆ. ಅಲ್ಲೂ ಉರಿಯಿತು! ಅದು ನ್ಯೂಟ್ರಲ್ ತೂತು, ಅಂದರೆ ಕರೆಂಟ್ ವಾಪಸ್ ಹೋಗುವ ದಾರಿ, ಉರಿಯಲೇಬಾರದು. ಮಿಕ್ಸಿ ಪ್ಲಗ್ ಕಿತ್ತರೆ ಆರಿತು. ತಲೆಗೆ ಹೊಳೆದದ್ದು ಆಗ. ಫೇಸ್ ಬರ್ತಿದೆ, ಮಿಕ್ಸಿಯ ಮೋಟಾರ್ ದಾಟಿ ನ್ಯೂಟ್ರಲ್ ವೈರಿಗೂ ಹೋಗ್ತಿದೆ, ಅಲ್ಲಿಂದ ವಾಪಸ್ ಹೋಗೋಕೆ ದಾರಿ ಇಲ್ಲ. ಎಲ್ಲೋ ನ್ಯೂಟ್ರಲ್ ಕಟ್ ಆಗಿದೆ. ಇಂಥ ಸ್ಥಿತಿಯಲ್ಲಿ ನ್ಯೂಟ್ರಲ್ ವೈರ್ ಮುಟ್ಟಿದರೂ ಶಾಕ್ ಹೊಡೆಯುತ್ತದೆ, ಹುಷಾರು.

ಖಾತ್ರಿ ಮಾಡಿಕೊಳ್ಳಲು ಹೋಲ್ಡರ್‌ಗೆ 60 ವ್ಯಾಟ್ ಬಲ್ಬ್ ಹಾಕಿ, ಎರಡು ವೈರ್ ಎಳೆದು ಟೆಸ್ಟ್ ಲ್ಯಾಂಪ್ ಮಾಡಿದೆ. ಫೇಸ್‌ಗೂ ನ್ಯೂಟ್ರಲ್‌ಗೂ ಕೊಟ್ಟರೆ ಹತ್ತಲಿಲ್ಲ. ಫೇಸ್‌ಗೂ ಅರ್ಥ್‌ಗೂ ಕೊಟ್ಟೆ ನೋಡಿ, ಟಕ್ ಅಂತ ಇಡೀ ಮನೆ ಕರೆಂಟ್ ಹೋಯಿತು. ಒಳಗಿಂದ ಅಮ್ಮನ ಕೂಗು. ಆರ್‌ಸಿಸಿಬಿ, ಅಂದರೆ ಕರೆಂಟ್ ಅರ್ಥ್‌ಗೆ ಸೋರಿದರೆ ತಾನೇ ಬೀಳುವ ಸ್ವಿಚ್, ಬಿದ್ದಿತ್ತು. ನಮ್ಮದು 30 ಮಿಲಿ ಆಂಪಿಯರ್ ಸೋರಿದರೆ ಬೀಳುವಂಥದ್ದು, ಆ ಬಲ್ಬ್ ಅರ್ಥ್‌ಗೆ ಸುಮಾರು 260 ಹರಿಸುತ್ತದೆ. ಬೀಳದೇ ಇರುತ್ತಾ? ಒಂದು ಲಾಭ ಏನಂದ್ರೆ, ಅರ್ಥ್ ಕನೆಕ್ಷನ್ ಇದೆ ಅಂತ ಗೊತ್ತಾಯಿತು. ಮರುದಿನ ಮಲ್ಟಿಮೀಟರ್ ತಂದು ಅಳೆದೆ. ಫೇಸ್ ಮತ್ತು ಅರ್ಥ್ ನಡುವೆ 232 ವೋಲ್ಟ್. ಫೇಸ್ ಮತ್ತು ನ್ಯೂಟ್ರಲ್ ನಡುವೆ 40, 50 ಅಂತ ಏನೋ ಕುಣಿಯುವ ಅಂಕಿ. ಅದು ಲೆಕ್ಕಕ್ಕಿಲ್ಲದ ವೋಲ್ಟೇಜ್, ತುಂಡಾದ ವೈರಿನಲ್ಲಿ ಹೀಗೆ ತೋರಿಸುವುದುಂಟು.

ಸರಿ, ಕಟ್ ಆಗಿರೋದು ಎಲ್ಲಿ? ಲೈಟಿನ ನ್ಯೂಟ್ರಲ್ ಮೇಲೆ ಸೀಲಿಂಗ್ ಕಡೆಯಿಂದ ಬೇರೆ ದಾರಿಯಲ್ಲಿ ಬಂದಿದೆ, ಅದಕ್ಕೇ ಲೈಟ್ ನನ್ನನ್ನು ದಾರಿ ತಪ್ಪಿಸಿತ್ತು. ಸಾಕೆಟ್‌ಗಳ ನ್ಯೂಟ್ರಲ್ ಗೋಡೆಯ ಆಚೆ ಬದಿಯ ಫ್ರಿಜ್ ಬೋರ್ಡಿನಿಂದ ಲೂಪ್ ಆಗಿ ಬರುತ್ತದೆ. ಫ್ರಿಜ್ ಓಡ್ತಾನೇ ಇದ್ದುದರಿಂದ ಆ ಬೋರ್ಡಿನ ಮೇಲೆ ಅನುಮಾನವೇ ಬಂದಿರಲಿಲ್ಲ.

ಬಿಚ್ಚುವ ಮುಂಚೆ ಮೇನ್ ಆಫ್ ಮಾಡಿದೆ, ಇನ್ವರ್ಟರನ್ನೂ ಆಫ್ ಮಾಡಿದೆ. ಇದನ್ನು ಬಹಳ ಜನ ಮರೆಯುತ್ತಾರೆ. ಇನ್ವರ್ಟರ್ ಇರುವ ಮನೆಯಲ್ಲಿ ಮೇನ್ ಇಳಿಸಿದರೂ ಲೈಟಿನ ಫೇಸ್ ಅದೇ ಬೋರ್ಡಿನೊಳಗೆ ಜೀವಂತವಾಗಿರುತ್ತದೆ. ಎಲ್ಲ ಆಫ್ ಆದ ಮೇಲೂ ಮೀಟರ್ ಇಟ್ಟು ನೋಡಿಯೇ ಕೈ ಹಾಕಿದೆ.

ಪ್ಲೇಟ್ ತೆಗೆದರೆ ಸುಟ್ಟ ವಾಸನೆ. ಫ್ರಿಜ್ ಸಾಕೆಟ್‌ನ ನ್ಯೂಟ್ರಲ್ ಸ್ಕ್ರೂ ಕೆಳಗೆ ಎರಡು ಕಪ್ಪು ವೈರ್ ಸೇರಿಸಿದ್ದರು. ಒಂದು ಗಟ್ಟಿಯಾಗಿತ್ತು. ಅಡುಗೆಮನೆಗೆ ಹೋಗುವುದು ಸಡಿಲವಾಗಿ, ಕಾದು ಕಾದು, ತುದಿ ಸುಟ್ಟು ಆಚೆ ಬಂದಿತ್ತು. ತಪ್ಪು ನನ್ನದೇ. ಎರಡು ವರ್ಷದಿಂದ 2000 ವ್ಯಾಟ್ ಇಂಡಕ್ಷನ್ ಒಲೆಯನ್ನು ಕನ್ವರ್ಟರ್ ಪ್ಲಗ್ ಹಾಕಿ ಅಡುಗೆಮನೆಯ 6 ಆಂಪಿಯರ್ ಸಾಕೆಟ್‌ಗೆ ಚುಚ್ಚುತ್ತಿದ್ದೆ. ಅದು ಎಳೆಯುವುದು ಸುಮಾರು 8.7 ಆಂಪಿಯರ್.

ರಿಪೇರಿ ಹತ್ತು ನಿಮಿಷದ್ದು. ಸುಟ್ಟ ತುದಿಯನ್ನು ತಾಮ್ರ ಹೊಳೆಯುವವರೆಗೆ ಕತ್ತರಿಸಿದೆ. ವೈರ್ ಸ್ವಲ್ಪ ಗಿಡ್ಡವಾಯಿತು, ಅದಕ್ಕೆ ಕನೆಕ್ಟರ್ ಹಾಕಿ ಬಿಗಿ ಮಾಡಿ, ಒಂದೊಂದನ್ನೂ ಜಗ್ಗಿ ನೋಡಿದೆ. ಕರಗಿದ್ದ ಫ್ರಿಜ್ ಸಾಕೆಟ್ ಬದಲಾಯಿಸಿದೆ. ಮಿಕ್ಸಿ ತಿರುಗಿತು. ಇಂಡಕ್ಷನ್‌ಗೆ ಮಾತ್ರ ನಾನು ಕೈ ಹಾಕಲಿಲ್ಲ. ಎಲೆಕ್ಟ್ರಿಷಿಯನ್ ಬಂದು ಮೇನ್‌ನಿಂದಲೇ 4 ಚದರ ಮಿಲಿಮೀಟರ್ ವೈರ್ ಎಳೆದು 16 ಆಂಪಿಯರ್ ಪಾಯಿಂಟ್ ಹಾಕಿಕೊಟ್ಟರು.

ಮೊದಲ ದಿನ ನಾನು ಕಿತ್ತೆಸೆಯಬೇಕು ಅಂದುಕೊಂಡಿದ್ದ ಅಡುಗೆಮನೆಯ ಹಳೇ ಸಾಕೆಟ್, ಸ್ವಿಚ್ ಎರಡೂ ಚೆನ್ನಾಗಿಯೇ ಇದ್ದವು. ಸ್ಕ್ರೂಗಳ ಡಬ್ಬಿಯಲ್ಲಿ ಇಟ್ಟಿದ್ದೇನೆ.